‘ಗೆಳತಿ ನನ್ನ ಫೋನ್ ಎತ್ತುತ್ತಿಲ್ಲ’

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣದಲ್ಲಿ ನನ್ನ ಬಳಿ ಬಂದವರು ಕಾಯಿಲೆಯವರ ಗೆಳತಿ. ಕಾಯಿಲೆಯವರನ್ನು ನಾನು ಇಂದಿಗೂ ನೋಡಿಲ್ಲ. ಬಂದವರನ್ನು ಲಲಿತಾ ಎಂದೂ ಅವರ ಗೆಳತಿಯನ್ನು ಸುನಂದಾ ಎಂದೂ ಕರೆಯುತ್ತೇನೆ. ಹೆಸರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಲಲಿತಾರಿಗೆ 43 ವರ್ಷ. ಕುಮಟಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಸುನಂದಾ ಅದೇ ಊರಿನ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾರೆ. ಒಂದನೇ ತರಗತಿಯಿಂದ ಜೊತೆಗೆ ಬೆಳೆದವರು. ಸುನಂದಾರ ಎಡ ಸ್ತನದಲ್ಲಿ ಗಂಟು ಕಾಣಿಸಿ, ಮ್ಯಾಮೊಗ್ರಾಂ ಮತ್ತು ಸೂಜಿ ಬಯಾಪ್ಸಿ ಆಗಿ, ಕ್ಯಾನ್ಸರ್ ಎಂದು ಖಚಿತವಾಗಿ ಮೂರು ವಾರವಾಗಿತ್ತು.

“ಮೇಡಂ, ಅವಳು ನನ್ನ ಫೋನ್ ಎತ್ತುತ್ತಿಲ್ಲ. ಮನೆಗೆ ಹೋದರೆ ಮಲಗಿದ್ದಾಳೆ ಎಂದು ಅವಳ ಅತ್ತೆ ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ?”

ಎಷ್ಟೆಲ್ಲ ಎಂದು ಕೇಳಿದೆ. ಪಟ್ಟಿ ಉದ್ದವಿತ್ತು. ಸುದ್ದಿ ಕೇಳಿದ ಕೂಡಲೇ ಫೋನಿನಲ್ಲೇ ಅತ್ತಿದ್ದರು, ಕೊನೆಗೆ ಸುನಂದಾರೇ ಇವರನ್ನು ಸಮಾಧಾನ ಮಾಡಬೇಕಾಗಿತ್ತು. ಅರಿಶಿನ, ಮುಳ್ಳುರಾಮಫಲ, ಗೋಧಿ ಹುಲ್ಲಿನ ರಸ ಎಂದು ದಿನಕ್ಕೆ ನಾಲ್ಕೈದು ವಿಡಿಯೋ ಕಳಿಸಿದ್ದರು. ಇಡಗುಂಜಿಯ ಗಣಪತಿಗೆ ಹರಕೆ ಹೊತ್ತಿದ್ದರು. ಘಟ್ಟದ ಮೇಲೆ ನಾಟಿ ಔಷಧ ಕೊಡುವವರೊಬ್ಬರಲ್ಲಿಗೆ ಹೋಗಲು ಕಾರನ್ನೂ ಗೊತ್ತು ಮಾಡಿ, “ಭಾನುವಾರ ಬೆಳಿಗ್ಗೆ ಐದಕ್ಕೆ ತಯಾರಿರು” ಎಂದಿದ್ದರು. “ಡಾಕ್ಟರು ಏನೇ ಹೇಳಲಿ, ಪೂರ್ತಿ ತೆಗೆಸಿಬಿಡು, ಮುಂದೆ ತಲೆನೋವು ಬೇಡ” ಎಂದೂ ಹೇಳಿದ್ದರು. ಇದರ ನಡುವೆ ಶಾಲೆಯಲ್ಲಿ ಇಬ್ಬರು ಸಹೋದ್ಯೋಗಿಗಳ ಮುಂದೆ ದುಃಖ ತೋಡಿಕೊಂಡಿದ್ದರು. ಯಾರಿಗೂ ಹೇಳಬೇಡಿ ಎಂದೇ ಹೇಳಿದ್ದರಂತೆ.

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಈ ಮಾತಿಗೆ ಏನು ಬೆಲೆ ಎಂಬುದು ಇಲ್ಲಿಯವರಿಗೆ ಗೊತ್ತು. ಮಾರನೆಯ ದಿನ ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸು ಸುನಂದಾರ ತವರಿನ ಅಂಗಳದಲ್ಲಿ ಬಂಗಡೆ ಎಣಿಸಿ ಹಾಕುತ್ತಲೇ, “ನಿಮ್ಮ ಮಗಳಿಗೆ ಹೀಗಾಗಬಾರದಿತ್ತು” ಎಂದಳು. ತಾಯಿಗೆ 74 ವರ್ಷ, ರಕ್ತದೊತ್ತಡದವರು. ಚಿಕಿತ್ಸೆಯ ದಾರಿ ಸ್ಪಷ್ಟವಾದ ಮೇಲೆ ತಾನೇ ಎದುರು ಕುಳಿತು ಹೇಳಬೇಕೆಂದು ಸುನಂದಾ ಕಾಯ್ದುಕೊಂಡಿದ್ದ ಸುದ್ದಿ ಅದು. ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ಮಗಳಿಗೂ ಅದೇ ಸಂಜೆ ಯಾರದೋ ಮೊಬೈಲ್ ಸಂದೇಶದಿಂದ ಗೊತ್ತಾಯಿತು.

ಉಳಿದೆಲ್ಲವನ್ನೂ ಸುನಂದಾ ಸಹಿಸುತ್ತಿದ್ದರೇನೋ. ಇದನ್ನು ಸಹಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರು ಕೋಪಿಸಿಕೊಂಡಿದ್ದು ಸರಿಯೇ ಆಗಿತ್ತು, ಅದನ್ನು ಲಲಿತಾರಿಗೆ ಹಾಗೆಯೇ ಹೇಳಿದೆ. ರೋಗ ಪತ್ತೆಯಾದ ಮೊದಲ ವಾರಗಳಲ್ಲಿ ಮನುಷ್ಯರ ಕೈಯಲ್ಲಿ ಬಹಳ ಕಡಿಮೆ ಉಳಿದಿರುತ್ತದೆ. ಪರೀಕ್ಷೆಯ ದಿನ ಆಸ್ಪತ್ರೆಯದು, ಔಷಧ ಡಾಕ್ಟರರದು, ಹಣದ ಲೆಕ್ಕ ಮನೆಯವರದು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬುದೊಂದು ಅವರದಾಗಿರುತ್ತದೆ. ಲಲಿತಾ ತೆಗೆದುಕೊಂಡಿದ್ದು ಅದನ್ನೇ.

“ಹಾಗಾದರೆ ನೀವೇ ಒಮ್ಮೆ ಅವಳಿಗೆ ಫೋನ್ ಮಾಡಿ ತಿಳಿಸಿ ಹೇಳಿ ಮೇಡಂ” ಎಂದರು. ಆಗುವುದಿಲ್ಲ ಎಂದೆ. ಕೇಳದೆ ಬಂದ ಸಹಾಯದಿಂದ ಬೇಸತ್ತಿರುವವರಿಗೆ ಕೇಳದೆ ಒಬ್ಬ ಆಪ್ತಸಲಹೆಗಾರ್ತಿಯ ಫೋನನ್ನೂ ಸೇರಿಸುವುದೇ?

ಒಂದು ಹಾಳೆ ಕೊಟ್ಟು ವೃತ್ತಗಳನ್ನು ಬರೆಸಿದೆ. ಸೂಸನ್ ಸಿಲ್ಕ್ ಎಂಬ ಮನಶ್ಶಾಸ್ತ್ರಜ್ಞೆ ತಮಗೆ ಸ್ತನ ಕ್ಯಾನ್ಸರ್ ಆದಾಗಿನ ಅನುಭವದಿಂದ ಹುಟ್ಟಿದ ಈ ಕ್ರಮವನ್ನು ಬ್ಯಾರಿ ಗೋಲ್ಡ್‌ಮನ್ ಅವರೊಂದಿಗೆ 2013ರಲ್ಲಿ ಪತ್ರಿಕೆಯೊಂದರಲ್ಲಿ ಬರೆದಿದ್ದರು. ನಡುವಿನ ವೃತ್ತದಲ್ಲಿ ಕಾಯಿಲೆಯವರು, ಅದರ ಸುತ್ತಲಿನದರಲ್ಲಿ ಅತಿ ಹತ್ತಿರದವರು, ಆಮೇಲೆ ನೆಂಟರು, ಗೆಳೆಯರು, ಪರಿಚಿತರು. ನಮಗಿಂತ ಒಳಗಿನ ವೃತ್ತದವರ ಮುಂದೆ ಸಾಂತ್ವನ ಮತ್ತು ಸಹಾಯ ಮಾತ್ರ. ನಮ್ಮ ಅಳು, ಭಯ, ದೂರುಗಳೆಲ್ಲ ಹೊರಗಿನ ವೃತ್ತದವರ ಬಳಿ. ಲಲಿತಾ ನಡುವೆ ಸುನಂದಾ ಎಂದು ಬರೆದು, ಎರಡನೆಯ ವೃತ್ತದಲ್ಲಿ ತಮ್ಮ ಹೆಸರು ಬರೆದರು. ಮೂರನೆಯದರಲ್ಲಿ ಸುನಂದಾರ ಗಂಡ ಮತ್ತು ಮಗಳು. ಅತ್ತೆಯ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ಚೀಲದಿಂದ ರಬ್ಬರ್ ತೆಗೆದು ಅಳಿಸತೊಡಗಿದರು.

ಎರಡನೆಯ ಭೇಟಿಯಲ್ಲಿ ಈ ಗಾಬರಿಯ ಬೇರು ಸಿಕ್ಕಿತು. ಲಲಿತಾರ ಚಿಕ್ಕಮ್ಮ, ತಾಯಿಯ ತಂಗಿ, 1990ರ ದಶಕದಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಗಂಟನ್ನು ಯಾರಿಗೂ ತೋರಿಸದೆ, ಹುಣ್ಣಾಗಿ ಒಡೆದ ಮೇಲೆ ಆಸ್ಪತ್ರೆಗೆ ಹೋದವರು. ಆಗ ಹೈಸ್ಕೂಲಿನಲ್ಲಿದ್ದ ಲಲಿತಾ ಅವರ ಕೋಣೆಗೆ ಗಂಜಿ ಒಯ್ದು ಕೊಡುತ್ತಿದ್ದರಂತೆ. ಸುನಂದಾರ ಸುದ್ದಿ ಕೇಳಿದ ದಿನದಿಂದ ಆ ಕೋಣೆಯ ವಾಸನೆಯೇ ಮೂಗಿಗೆ ಬರುತ್ತಿದೆ ಎಂದರು. ಗೆಳತಿಯ ಮೇಲೆ ಸುರಿದ ಔಷಧ, ಹರಕೆ, ಕಾರು, ಎಲ್ಲವೂ ಆ ಚಿಕ್ಕಮ್ಮನಿಗೆ ಸಲ್ಲಬೇಕಾಗಿದ್ದವು. ಈ ದುಃಖಕ್ಕೆ ಜಾಗ ಬೇಕು, ಅದು ಸುನಂದಾರ ಜಗಲಿಯಲ್ಲ. ಇಲ್ಲಿ, ನನ್ನ ಮುಂದೆ, ಅಥವಾ ನಿಮ್ಮ ಮನೆಯವರ ಮುಂದೆ ಎಷ್ಟು ಬೇಕಾದರೂ ಅಳಿ ಎಂದೆ. ಸುನಂದಾರದ್ದು ಚಿಕ್ಕಮ್ಮನ ಕಾಯಿಲೆಯಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕಾಯಿತು. ಬಯಾಪ್ಸಿಯ ತುಣುಕಿನಲ್ಲಿ ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಿಗಳನ್ನೂ ಹರ್-2 ಎಂಬ ಪ್ರೋಟೀನನ್ನೂ ನೋಡಿ ಯಾವ ಬಗೆಯದೆಂದು ತಿಳಿದು, ಅದಕ್ಕೆ ತಕ್ಕ ಚಿಕಿತ್ಸೆ ಕೊಡುತ್ತಾರೆ. ಬೇಗ ಪತ್ತೆಯಾದ ಹಲವರಲ್ಲಿ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಬದುಕುಳಿಯುವ ಪ್ರಮಾಣ ಪೂರ್ತಿ ಸ್ತನ ತೆಗೆಸಿಕೊಂಡವರಷ್ಟೇ ಇರುತ್ತದೆ ಎಂಬುದು 1970ರ ದಶಕದಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಅಧ್ಯಯನಗಳಿಂದ ಖಚಿತವಾಗಿದೆ. ಹಾಗಿರುವಾಗ ‘ಪೂರ್ತಿ ತೆಗೆಸಿಬಿಡು’ ಎನ್ನಲು ಗೆಳತಿ ಯಾರು?

ನಾಟಿ ಔಷಧದ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ಅದರಿಂದಾಗುವ ದೊಡ್ಡ ಹಾನಿ ತಡ. ಎರಡು ತಿಂಗಳು ಕಷಾಯ ಕುಡಿದು ನೋಡೋಣ ಎಂದವರು ಮರಳಿ ಬರುವಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ. ಕೀಮೋ ಜೊತೆಗೆ ಗುಟ್ಟಾಗಿ ತೆಗೆದುಕೊಂಡರೆ ಯಕೃತ್ತಿಗೆ ಪೆಟ್ಟಾಗಬಹುದು, ಕೀಮೋ ಔಷಧದ ಕೆಲಸವೂ ಏರುಪೇರಾಗಬಹುದು. ಸುನಂದಾ ತಾವಾಗಿ ಏನನ್ನಾದರೂ ತೆಗೆದುಕೊಳ್ಳಬಯಸಿದರೆ ಮೊದಲು ಅವರ ಕ್ಯಾನ್ಸರ್ ತಜ್ಞರಿಗೆ ತೋರಿಸಲಿ. ನೀವಂತೂ ಹೊತ್ತುಕೊಂಡು ಹೋಗಬೇಡಿ ಎಂದೆ. ಹರಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಇಡಗುಂಜಿಗೆ ಹೋಗಿ ಬನ್ನಿ, ಪಂಚಕಜ್ಜಾಯ ತಂದು ನೀವೂ ತಿನ್ನಿ.

ಕ್ಷಮೆಯ ಸಂದೇಶವನ್ನು ಅಲ್ಲೇ ಕುಳಿತು ಬರೆದರು. ಮೊದಲ ಕರಡು ಹೀಗೆ ಶುರುವಾಗಿತ್ತು: “ನೀನು ಹೀಗೆ ಮಾತು ಬಿಟ್ಟರೆ ನನಗೆ ಎಷ್ಟು ನೋವಾಗುತ್ತದೆ ಎಂದು ನಿನಗೆ ಗೊತ್ತಿಲ್ಲ, ನಾನು ನಿದ್ದೆ ಮಾಡಿ ಎಷ್ಟು ದಿನವಾಯಿತು, ನಾನು ಒಳ್ಳೆಯದಕ್ಕೇ ಮಾಡಿದ್ದು...” ‘ನಾನು’, ‘ನನಗೆ’ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ ಎಂದೆ. ಮಕ್ಕಳ ಪುಸ್ತಕ ತಿದ್ದಿ ರೂಢಿಯಿದ್ದ ಕೈ ಚಕಚಕನೆ ಎಳೆಯಿತು. ಒಂಬತ್ತು ಗೆರೆ ಬಿದ್ದವು. ಅಕ್ಕೋರು ತಾವೇ ನಕ್ಕರು. ಕೊನೆಗೆ ಕಳಿಸಿದ್ದು ಇಷ್ಟು:

“ಸುನಂದಾ, ನಿನ್ನನ್ನು ಕೇಳದೆ ನಿನ್ನ ವಿಷಯ ಶಾಲೆಯಲ್ಲಿ ಹೇಳಿದ್ದು ತಪ್ಪು. ಆಯಿಗೆ ಹಾಗೆ ಗೊತ್ತಾಗಬಾರದಿತ್ತು. ಇನ್ನು ಯಾರಿಗೂ ಏನನ್ನೂ ಹೇಳುವುದಿಲ್ಲ. ಉತ್ತರ ಬರೆಯಬೇಕೆಂದಿಲ್ಲ. ಶಾಲೆ ಬಿಟ್ಟ ಮೇಲೆ ದಿನವೂ ಬಿಡುವಿರುತ್ತದೆ. ಮಗಳ ಓದು, ಅಂಗಡಿ ಸಾಮಾನು, ಆಸ್ಪತ್ರೆಯ ಕಾಗದಪತ್ರ, ಯಾವುದು ಬೇಕಾದರೂ ಒಂದು ಮಾತು ಬರೆ.”

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು: “ಶನಿವಾರ ಬಾ. ವಿಡಿಯೋ ಬೇಡ.”

ಆ ಶನಿವಾರಕ್ಕೆ ನಾನು ಹೇಳಿಕೊಟ್ಟಿದ್ದು ಹೆಚ್ಚೇನಿಲ್ಲ. ಕಾಯಿಲೆಯ ಮಾತನ್ನು ಅವರೇ ತೆಗೆಯಲಿ. ತೆಗೆಯದಿದ್ದರೆ ಸಂಘದ ಸಾಲ ವಸೂಲಿಯ ಮಾತೇ ಆಗಲಿ. ‘ಏನಾದರೂ ಬೇಕಾದರೆ ಹೇಳು’ ಎನ್ನಬೇಡಿ. ಏನು ಬೇಕೆಂದು ಯೋಚಿಸುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ದಿನ ಮತ್ತು ಕೆಲಸ ಎರಡನ್ನೂ ಹೆಸರಿಸಿ, ಬೇಡ ಎನ್ನಲು ದಾರಿ ಬಿಡಿ. ಅತ್ತೆಯನ್ನು ಮೊದಲು ಮಾತಾಡಿಸಿ.

ಲಲಿತಾ ಒಂದು ಕಡೆ ಎಡವಿದರು. “ಧೈರ್ಯವಾಗಿರು, ನಿನಗೇನೂ ಆಗುವುದಿಲ್ಲ” ಎಂದುಬಿಟ್ಟರು. “ನಿನಗೆ ಹೇಗೆ ಗೊತ್ತು?” ಎಂದರು ಸುನಂದಾ. ಈ ಪ್ರಶ್ನೆಗೆ ಉತ್ತರವಿಲ್ಲ. ಧೈರ್ಯ ಹೇಳುವುದು ನಮ್ಮಲ್ಲಿ ಮರ್ಯಾದೆಯ ಮಾತು, ಆದರೆ ಕೇಳಿಸಿಕೊಳ್ಳುವವರಿಗೆ ಅದು ‘ನಿನ್ನ ಹೆದರಿಕೆಯ ಮಾತು ನನ್ನ ಮುಂದೆ ಬೇಡ’ ಎಂದಂತೆ ಆಗುತ್ತದೆ. ಲಲಿತಾರ ಅದೃಷ್ಟ, ಆ ಕ್ಷಣ ಏನೂ ತೋಚದೆ, “ಗೊತ್ತಿಲ್ಲ. ಹೆದರಿಕೆಯಾಗುತ್ತಿದೆಯಾ?” ಎಂದು ಕೇಳಿದರು. ಸುನಂದಾ ಒಂದು ತಾಸು ಮಾತಾಡಿದರಂತೆ. ಅವರ ದೊಡ್ಡ ಚಿಂತೆ ಸಾವಿನದಾಗಿರಲಿಲ್ಲ. ಮಗಳ ಪರೀಕ್ಷೆಯ ವಾರವೂ ಕೂದಲು ಉದುರುವ ವಾರವೂ ಒಂದೇ ಆಗುತ್ತದೆಯೇ ಎಂಬುದಾಗಿತ್ತು. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಕೂದಲು ಉದುರತೊಡಗುತ್ತದೆ, ಆದ್ದರಿಂದ ಅವರ ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕಾಯಿಲೆಯೆಂದರೆ ಪ್ರಯಾಣವೂ ಹೌದು. ಕುಮಟಾ, ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಕಾರವಾರದವರಿಗೆ ಗೋವಾದ ಬಾಂಬೋಳಿಯ ಆಸ್ಪತ್ರೆ ಹತ್ತಿರ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಟ್ಟಲೆ ಕೂಗಿದ್ದಾರೆ, ಆ ಸಿಟ್ಟನ್ನು ಇಲ್ಲಿ ಬೆಳೆಸುವುದಿಲ್ಲ. ಗೆಳತಿಯ ನೆರವು ನಿಜವಾಗಿ ಬೇಕಾಗುವುದು ಈ ದಾರಿಯಲ್ಲಿ. ಸುನಂದಾರ ಒಪ್ಪಿಗೆಯಿಂದ, ಅವರ ಗಂಡನ ಜೊತೆ ಕುಳಿತು, ಲಲಿತಾ ಮೂರು ಕೆಲಸ ವಹಿಸಿಕೊಂಡರು.

ಮೊದಲನೆಯದು ಫೈಲು. ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಜೆರಾಕ್ಸ್ ತೆಗೆಸಿದರು. ಬೇರೆ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಕೇಳುವುದಾದರೆ ವರದಿಯ ಕಾಗದವಷ್ಟೇ ಸಾಲದು, ಬಯಾಪ್ಸಿಯ ತುಣುಕನ್ನು ಗಾಜಿನ ಮೇಲಿಟ್ಟ ಸ್ಲೈಡ್ ಮತ್ತು ಮೇಣದಲ್ಲಿ ಕೂಡಿಸಿಟ್ಟ ಬ್ಲಾಕ್‌ಗಳನ್ನೂ ಕೇಳುತ್ತಾರೆ. ಅವನ್ನು ಮೊದಲೇ ಪಡೆದಿಟ್ಟರು. ಡಾಕ್ಟರರ ಭೇಟಿಯಲ್ಲಿ ಗಂಡ ಹೆಂಡತಿ ಮಾತಾಡಿದರೆ ಇವರು ಬರೆದುಕೊಳ್ಳುವವರು: ಯಾವ ಹಂತ, ಮೊದಲು ಕೀಮೋ ಏಕೆ, ಸ್ತನ ಉಳಿಸಲು ಸಾಧ್ಯವೇ, ಎಷ್ಟು ಸುತ್ತು.

ಎರಡನೆಯದು ಹಣದ ಕಾಗದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯವನ್ನು ದಾಖಲಾಗುವ ಮೊದಲೇ ವಿಚಾರಿಸಬೇಕು. ಯೋಜನೆಯ ಕಾಗದಪತ್ರಕ್ಕೆ ನೆರವಾಗುವ ಆಸ್ಪತ್ರೆಯ ಆರೋಗ್ಯಮಿತ್ರರ ಮುಂದೆ ಸರತಿಯಲ್ಲಿ ನಿಲ್ಲುವುದು ಬಳಲಿದವರ ಕೆಲಸವಲ್ಲ, ಅಲ್ಲಿ ನಿಂತವರು ಲಲಿತಾ.

ಮೂರನೆಯದು ಜ್ವರದ ರಾತ್ರಿಯ ಏರ್ಪಾಡು. ಕೀಮೋ ನಂತರ ಬಿಳಿ ರಕ್ತಕಣಗಳು ಇಳಿದಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಮಣಿಪಾಲ ಸುಮಾರು ಮೂರು ತಾಸಿನ ದಾರಿ. ಅಪರಾತ್ರಿಯಲ್ಲಿ ಮೊದಲು ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಏನು ಹೇಳಬೇಕು ಎಂದು ಚಿಕಿತ್ಸೆ ಕೊಡುವ ಡಾಕ್ಟರರಿಂದಲೇ ಬರೆಸಿಕೊಂಡು ಬಂದರು. ಆ ಚೀಟಿ, ಥರ್ಮಾಮೀಟರ್, ಕಾರಿನವನ ನಂಬರು ಮೂರೂ ದೇವರ ಕೋಣೆಯ ಗೂಡಿನಲ್ಲಿವೆ.

ನೋಡಲು ಬರುವವರ ಕಾಟವನ್ನು ಅತ್ತೆಯೇ ಬಗೆಹರಿಸಿದರು. ಎಳನೀರು ಹಿಡಿದು ಬಂದು, ಇದೇ ಕಾಯಿಲೆಯಿಂದ ಯಾರ‍್ಯಾರು ಹೋದರು ಎಂದು ವರದಿ ಒಪ್ಪಿಸುವವರಿಗೆ ನಮ್ಮ ಕಡೆ ಕೊರತೆಯಿಲ್ಲ. “ಡಾಕ್ಟರು ಯಾರನ್ನೂ ಒಳಗೆ ಬಿಡಬೇಡಿ ಎಂದಿದ್ದಾರೆ” ಎಂದು ಜಗಲಿಯಲ್ಲೇ ಚಹಾ ಕೊಟ್ಟು ಕಳಿಸುತ್ತಾರಂತೆ. ಮೊದಲು ಲಲಿತಾರನ್ನು ಬಾಗಿಲಲ್ಲಿ ತಡೆದದ್ದೂ ಸೊಸೆ ಹೇಳಿದ್ದಕ್ಕೇ. ಲಲಿತಾ ಈಗ ಅವರನ್ನು ವೃತ್ತದಲ್ಲಿ ತಮಗಿಂತ ಒಳಗೆ ಬರೆದುಕೊಂಡಿದ್ದಾರೆ.

ಕೊನೆಯ ಭೇಟಿಯಲ್ಲಿ ಲಲಿತಾರ ತಪಾಸಣೆಯ ವಿಷಯ ಎತ್ತಿದೆ. 30ರಿಂದ 65 ವರ್ಷದ ಹೆಂಗಸರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ಪರೀಕ್ಷೆಯ ವ್ಯವಸ್ಥೆ ಇದೆ. ಚಿಕ್ಕಮ್ಮನಿಗೆ ಕಾಯಿಲೆ ಇದ್ದುದನ್ನು ಡಾಕ್ಟರರಿಗೆ ಹೇಳಲೇಬೇಕು, ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ವಂಶವಾಹಿಯಿಂದ ಬರುವವು ಶೇ. 5ರಿಂದ 10 ಮಾತ್ರ ಎಂದೂ ತಿಳಿಸಿದೆ. ಅಷ್ಟು ವರ್ಷ ಹೆದರಿ ಮುಂದೂಡಿದ್ದವರು, ಸುನಂದಾರ ಮುಂದಿನ ಕೀಮೋ ದಿನವೇ ಅದೇ ಆಸ್ಪತ್ರೆಯಲ್ಲಿ ತೋರಿಸಿಕೊಂಡರು. ಗಂಟೇನೂ ಇಲ್ಲ, ಮ್ಯಾಮೊಗ್ರಾಂಗೆ ಬರೆದುಕೊಟ್ಟಿದ್ದಾರೆ. ನಮ್ಮ ಭೇಟಿಗಳನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ರಾತ್ರಿ ಚಿಕ್ಕಮ್ಮನ ಕೋಣೆ ಮತ್ತೆ ಕಣ್ಣಮುಂದೆ ಬಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳಿ ಕಳಿಸಿದೆ. ಸುನಂದಾರ ಕೀಮೋ ಇನ್ನೂ ನಡೆಯುತ್ತಿದೆ. ಅದು ಮುಗಿದ ಮೇಲೆ ಶಸ್ತ್ರಚಿಕಿತ್ಸೆ.