ಮೂರು ಕೆ.ಜಿ. ಏರಿಸಿಕೊಂಡರೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಎತ್ತರ 157 ಸೆಂ.ಮೀ., ತೂಕ 96 ಕೆ.ಜಿ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೂರು ಬಗೆಯ ಮಾತ್ರೆ, ರಾತ್ರಿ ಇನ್ಸುಲಿನ್ ತಗೊಂಡರೂ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂಬತ್ತರಿಂದ ಕೆಳಗೆ ಇಳಿದಿಲ್ಲ. ಬಿಪಿ, ಮಂಡಿನೋವು ಬೇರೆ. ಮಧ್ಯಾಹ್ನ ಕ್ಲಾಸಿನಲ್ಲಿ ಕೂತಲ್ಲೇ ತೂಕಡಿಸುತ್ತೇನೆ, ರಾತ್ರಿ ವಿಪರೀತ ಗೊರಕೆ ಎಂದು ಮನೆಯವರು ಹೇಳುತ್ತಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಸರ್ಜರಿಗೆ ಸಲಹೆ ಕೊಟ್ಟರು. ನಮ್ಮ ಫ್ಯಾಮಿಲಿ ಪಾಲಿಸಿಗೆ ಆರು ವರ್ಷ ತುಂಬಿದೆ, ಸಕ್ಕರೆ ಕಾಯಿಲೆ ಮೊದಲೇ ತಿಳಿಸಿದ್ದೆವು. ಆದರೂ ಕ್ಯಾಶ್‌ಲೆಸ್ ಅರ್ಜಿ ತಿರಸ್ಕಾರವಾಗಿದೆ, 'ಬೊಜ್ಜಿನ ಚಿಕಿತ್ಸೆ ಬರುವುದಿಲ್ಲ' ಎನ್ನುತ್ತಾರೆ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 40 ಆದರೆ ಕೊಡುತ್ತಾರಂತೆ, ಇನ್ನು ಮೂರು ಕೆ.ಜಿ. ಏರಿಸಿಕೋ ಎಂದು ನಾದಿನಿ ಹೇಳುತ್ತಾಳೆ. ಹಾಗೆ ಮಾಡಲೇ? ಅರ್ಜಿಯ ನಕಲು ಕಳಿಸಿದ್ದೇನೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ, ದಯವಿಟ್ಟು ಬೇಡ. ಸಕ್ಕರೆ ಇಷ್ಟು ಏರಿರುವಾಗ ಬೇಕಂತಲೇ ತೂಕ ಹೆಚ್ಚಿಸಿಕೊಳ್ಳುವುದು ಅಪಾಯ. ಈ ಸರ್ಜರಿಗೆ ಮುಂಚೆ ಕೊಬ್ಬು ತುಂಬಿದ ಲಿವರ್ ಕುಗ್ಗಲಿ ಎಂದು ಡಾಕ್ಟರುಗಳೇ ಒಂದೆರಡು ವಾರ ಕಟ್ಟುನಿಟ್ಟಿನ ಪಥ್ಯ ಹಾಕುತ್ತಾರೆ. ನೀವು ಅದಕ್ಕೆ ತದ್ವಿರುದ್ಧ ಮಾಡಲು ಹೊರಟಿದ್ದೀರಿ. ಅದರ ಅಗತ್ಯವೂ ಇಲ್ಲ.

ನಾದಿನಿಯವರು ಹೇಳಿದ್ದು ಅರ್ಧ ನಿಯಮ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೆಲ್ತ್ ಪಾಲಿಸಿಗಳ ಹೊರತುಗಳಿಗೆ, ಅಂದರೆ ವಿಮೆ ಹಣ ಕೊಡದ ಬಾಬ್ತುಗಳಿಗೆ, ಒಂದೇ ಮಾದರಿಯ ಒಕ್ಕಣೆ ತಂದಿತು. ಅದರಲ್ಲಿ 06ನೇ ಕೋಡ್ ಬೊಜ್ಜಿನದು. ನಿಮ್ಮ ಪಾಲಿಸಿ ಪುಸ್ತಕ ತೆಗೆದು ಆ ಪುಟ ಓದಿ. ಸರ್ಜರಿ ವೈದ್ಯರ ಸಲಹೆಯ ಮೇರೆಗೆ, ವೈದ್ಯಕೀಯ ಕ್ರಮಕ್ಕೆ ಅನುಗುಣವಾಗಿ ನಡೆಯಬೇಕು. ರೋಗಿಗೆ 18 ತುಂಬಿರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ, ಬೇರೆ ವಿಧಾನದಿಂದ ತೂಕ ಇಳಿಸುವ ಪ್ರಯತ್ನ ವಿಫಲವಾಗಿ, ಬಿಎಂಐ 35 ಅಥವಾ ಹೆಚ್ಚಿದ್ದು, ಜೊತೆಗೆ ನಾಲ್ಕರಲ್ಲಿ ಒಂದು ತೊಂದರೆ ಇರಬೇಕು: ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ), ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್. ಈ ಷರತ್ತುಗಳನ್ನು ಪೂರೈಸದ ಸರ್ಜರಿಗೆ ಮಾತ್ರ ಆ ಹೊರತು ಅನ್ವಯಿಸುತ್ತದೆ.

ನಿಮ್ಮ ಬಿಎಂಐ 38.9. ಸಕ್ಕರೆ ಹತೋಟಿಯಲ್ಲಿಲ್ಲ. ನೀವು ನಿಯಮದ ಒಳಗೇ ಇದ್ದೀರಿ.

ಹಾಗಾದರೆ ಅರ್ಜಿ ಯಾಕೆ ಬಿದ್ದುಹೋಯಿತು? ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ವರ್ಷಗಟ್ಟಲೆ ಇಂಥ ಫೈಲು ನೋಡಿದ ವೈದ್ಯೆಯಾಗಿ ಹೇಳುತ್ತೇನೆ, ನೀವು ಕಳಿಸಿದ ನಕಲಿನಲ್ಲೇ ಉತ್ತರವಿದೆ. ಕಾಯಿಲೆಯ ಕಾಲಂನಲ್ಲಿ 'ಮಾರ್ಬಿಡ್ ಒಬೆಸಿಟಿ' (ವಿಪರೀತ ಬೊಜ್ಜು), ಹಿಂದಿನ ಕಾಯಿಲೆಗಳ ಕಾಲಂನಲ್ಲಿ 'ಡಿಎಂ, ಎಚ್‌ಟಿಎನ್, ಮಂಡಿನೋವು' (ಡಿಎಂ ಎಂದರೆ ಸಕ್ಕರೆ ಕಾಯಿಲೆ, ಎಚ್‌ಟಿಎನ್ ಎಂದರೆ ಬಿಪಿ) ಎಂದಷ್ಟೇ ಇದೆ. ಎಚ್‌ಬಿಎ1ಸಿ ರಿಪೋರ್ಟ್ ಲಗತ್ತಿಸಿಲ್ಲ. ಇನ್ಸುಲಿನ್ ಮಾತೇ ಇಲ್ಲ. ಪಥ್ಯ, ವ್ಯಾಯಾಮದ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ಓದುವವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿಯುತ್ತದೆ, ಹತೋಟಿ ತಪ್ಪಿದೆ ಎಂದು ತಿಳಿಯುವುದಿಲ್ಲ. ಮಂಡಿನೋವು ನಿಮ್ಮನ್ನು ಎಷ್ಟೇ ಹಿಂಡುತ್ತಿರಲಿ, ಅದೂ ಬಿಪಿಯೂ ಆ ನಾಲ್ಕರ ಪಟ್ಟಿಯಲ್ಲಿಲ್ಲ. ಇನ್ನೊಂದು ಗಮನಿಸಿದಿರಾ? ಅರ್ಜಿಯಲ್ಲಿ ಎತ್ತರ 157, ಲಗತ್ತಿಸಿದ ಡಯಟಿಷಿಯನ್ ಚೀಟಿಯಲ್ಲಿ 160. ಚಪ್ಪಲಿ ಹಾಕಿಕೊಂಡೇ ಅಳೆದರೋ ಏನೋ. 160 ಎಂದರೆ ಬಿಎಂಐ 37.5. ಆಗಲೂ ನೀವು ಅರ್ಹರೇ, ಆದರೆ ಎರಡು ಕಾಗದ ಎರಡು ಮಾತಾಡಿದರೆ ಪ್ರಶ್ನೆ ಏಳುತ್ತದೆ. ಬರಿಗಾಲಲ್ಲಿ ನಿಂತು ಮತ್ತೆ ಅಳೆಸಿ, ಎಲ್ಲ ಕಡೆ ಅದನ್ನೇ ಬರೆಸಿ.

ಸರ್ಜನ್ ಪತ್ರದ ಜೊತೆಗೆ ನಿಮ್ಮ ಸಕ್ಕರೆ ಡಾಕ್ಟರಿಂದ ಬೇರೆಯೇ ಪತ್ರ ತಗೊಳ್ಳಿ. 'ಅನ್‌ಕಂಟ್ರೋಲ್ಡ್ ಟೈಪ್ 2 ಡಯಾಬಿಟಿಸ್' ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಲಿ. ಯಾವಾಗ ಯಾವ ಮಾತ್ರೆ, ಇನ್ಸುಲಿನ್ ಎಷ್ಟಕ್ಕೆ ಏರಿತು, ಪ್ರತಿ ಸಲದ ಎಚ್‌ಬಿಎ1ಸಿ ಎಷ್ಟು ಎಂಬುದು ತಾರೀಖಿನ ಸಮೇತ ಬರಲಿ.

ಕಷ್ಟದ ಭಾಗ, ತೂಕ ಇಳಿಸಲು ಯತ್ನಿಸಿದ್ದಕ್ಕೆ ದಾಖಲೆ. ನಮ್ಮ ಹೆಂಗಸರು ಅನ್ನ ಬಿಟ್ಟು ಮುದ್ದೆಗೆ ಬರುತ್ತಾರೆ, ಬೆಳಗಿನ ಜಾವ ಎದ್ದು ವಾಕಿಂಗ್ ಹೋಗುತ್ತಾರೆ, ರಾತ್ರಿ ಊಟ ಬಿಡುತ್ತಾರೆ. ಅದಕ್ಕೆಲ್ಲ ರಸೀದಿ ಎಲ್ಲಿಂದ ಬರಬೇಕು? ಆದರೆ ನಿಮ್ಮೂರಿನ ಡಾಕ್ಟರ ಹಳೆಯ ಚೀಟಿಗಳಲ್ಲಿ ತೂಕ ಬರೆದಿರುತ್ತದೆ, ಅವನ್ನು ಹುಡುಕಿ. ಅವರ ದಾಖಲೆಯಲ್ಲಿ ಇರುವುದನ್ನೇ ಪತ್ರವಾಗಿ ಬರೆದುಕೊಡಲು ಕೇಳಿ. ಹಿಂದಿನ ತಾರೀಖು ಹಾಕಿ ಹೊಸ ಕಾಗದ ಸೃಷ್ಟಿಸುವುದು ಖಂಡಿತ ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೂ ಪೂರ್ತಿ ಕ್ಲೇಮ್ ಹೋಗುತ್ತದೆ.

ಗೊರಕೆ, ಹಗಲು ತೂಕಡಿಕೆ ಎಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಸ್ಲೀಪ್ ಸ್ಟಡಿ ಮಾಡಿಸಿ. ನಿದ್ದೆಯಲ್ಲಿ ಗಂಟೆಗೆ ಸರಾಸರಿ 30 ಸಲ ಅಥವಾ ಹೆಚ್ಚು ಉಸಿರು ನಿಂತರೆ, ಇಲ್ಲವೇ ತೀರಾ ಕುಗ್ಗಿದರೆ ಅದು ತೀವ್ರ ಆಪ್ನಿಯಾ. ಆಗ ಅರ್ಜಿಗೆ ಎರಡನೇ ಆಧಾರ ಸಿಕ್ಕಿತು. ವಿಮೆಯ ಮಾತು ಬಿಡಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಈ ವಿಷಯ ಮೊದಲೇ ಗೊತ್ತಿರಲೇಬೇಕು.

ಇಷ್ಟು ಸೇರಿಸಿ ಆಸ್ಪತ್ರೆಯ ವಿಮಾ ಡೆಸ್ಕಿನಿಂದ ಹೊಸ ಅರ್ಜಿ ಹಾಕಿಸಿ. ಕ್ಯಾಶ್‌ಲೆಸ್ ಆಗದಿದ್ದರೂ ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡುವ ಹಕ್ಕು ಉಳಿದೇ ಇರುತ್ತದೆ. ಮತ್ತೆ ಇಲ್ಲವೆಂದರೆ, ಯಾವ ಷರತ್ತು ಪೂರೈಸಿಲ್ಲ ಎಂದು ಬರಹದಲ್ಲಿ ಕೇಳಿ. ನಂತರ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ವರ್ಷ ದಾಟಿಸಬೇಡಿ.

ಅಡ್ಮಿಟ್ ಆಗುವ ಮುಂಚೆ ಪಾಲಿಸಿಯಲ್ಲಿ ಈ ಸರ್ಜರಿಗೆ ಇಂತಿಷ್ಟೇ ಎಂಬ ಮಿತಿ ಇದೆಯೇ, ರೂಂ ಬಾಡಿಗೆ ಎಷ್ಟರವರೆಗೆ ಎಂದು ನೋಡಿಕೊಳ್ಳಿ. ಮಿತಿ ಮೀರಿದ ರೂಂ ತಗೊಂಡರೆ ಬಾಡಿಗೆಯ ಜೊತೆ ಬಿಲ್ಲಿನ ಬೇರೆ ಬಾಬ್ತುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಸರ್ಜರಿಯ ನಂತರ ಬಿ12, ಕಬ್ಬಿಣಾಂಶ, ವಿಟಮಿನ್ ಡಿ ಜೀವನಪೂರ್ತಿ ಬೇಕಾಗುತ್ತದೆ, ಆಗಾಗ ರಕ್ತಪರೀಕ್ಷೆಯೂ ಇರುತ್ತದೆ. ಮೊದಲ ಕೆಲವು ವಾರದ್ದು ಪಾಲಿಸಿಯಿಂದ ಬಂದರೂ ಆಮೇಲಿನದು ನಿಮ್ಮ ಕೈಯಿಂದಲೇ. ಸಂಬಳದಲ್ಲಿ ಅದಕ್ಕೊಂದಿಷ್ಟು ಈಗಲೇ ಎತ್ತಿಡಿ.