ಕಥೆಯ ರೂಪದಲ್ಲಿ ಮಕ್ಕಳಿಗೆ ನಿಸರ್ಗ ವಿಜ್ಞಾನವನ್ನು ಕಲಿಸಿದ ಕ್ವೇಕರ್ ಲೇಖಕಿ ಯಾರು?

ಇಂಗ್ಲೆಂಡಿನ ಪ್ರಿಸಿಲ್ಲಾ ವೇಕ್‌ಫೀಲ್ಡ್ (1751–1832) ಆ ಲೇಖಕಿ. ಸರಳ ಜೀವನಕ್ಕೆ ಹೆಸರಾದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಕಟ್ಟುಕಥೆಯನ್ನು ಅನುಮಾನದಿಂದಲೇ ನೋಡುತ್ತಿದ್ದ ಕಾಲದಲ್ಲಿ, ಅವರು ಕಲ್ಪಿತ ಪಾತ್ರಗಳ ಸಂಭಾಷಣೆ ಮತ್ತು ಪತ್ರಗಳನ್ನು ನೈಜ ಜ್ಞಾನದ ವಾಹಕವಾಗಿಸಿಕೊಂಡರು.

ಅವರ ಮುಖ್ಯ ಕೃತಿ 1796ರಲ್ಲಿ ಪ್ರಕಟವಾದ ಸಸ್ಯಶಾಸ್ತ್ರದ ಪರಿಚಯ ಗ್ರಂಥ. ಫೆಲಿಷಿಯಾ ಎಂಬ ಹುಡುಗಿ ದೂರದಲ್ಲಿರುವ ಸಹೋದರಿ ಕಾನ್‌ಸ್ಟೆನ್ಸ್‌ಗೆ ಬರೆಯುವ ಪತ್ರಗಳೇ ಇಡೀ ಪುಸ್ತಕ. ಹೂವಿನ ಭಾಗಗಳನ್ನು ಬಿಡಿಸಿ ನೋಡುವುದು ಹೇಗೆ, ಕೇಸರಗಳ (ಪರಾಗ ಹೊತ್ತ ಎಳೆಗಳ) ಸಂಖ್ಯೆಯನ್ನು ಎಣಿಸಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಪದ್ಧತಿಯಂತೆ ಗಿಡವನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬುದನ್ನು ಆಕೆ ತಾನು ಕಲಿತ ಕ್ರಮದಲ್ಲಿಯೇ ತಿಳಿಸುತ್ತಾಳೆ; ಹೀಗೆ ಓದುವ ಮಗುವೂ ಅವಳ ಜೊತೆಗೇ ಕಲಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಪುಸ್ತಕದ ನಿಜವಾದ ಹಿರಿಮೆ ಇದೇ. ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ದಿನಗಳಲ್ಲಿ, ತೋಟದ ಗಿಡವನ್ನೇ ಪಾಠವಾಗಿಸಿದ ಈ ಗ್ರಂಥವು 19ನೆಯ ಶತಮಾನದ ಮಧ್ಯದವರೆಗೂ ಮತ್ತೆ ಮತ್ತೆ ಮುದ್ರಣಗೊಂಡಿತು.

1811ರಲ್ಲಿ ಅವರು ಪ್ರಾಣಿಗಳ ಸಹಜ ಪ್ರವೃತ್ತಿಯ ಕುರಿತೂ ಒಂದು ಪುಸ್ತಕ ಬರೆದರು. ಇನ್ನೊಂದು ಸಂವಾದ ಗ್ರಂಥದಲ್ಲಿ ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಸಕ್ಕರೆ ತಯಾರಿಕೆಯ ವಿವರಣೆಯು ಗುಲಾಮಗಿರಿಯ ಖಂಡನೆಗೆ ತಿರುಗುತ್ತದೆ. ಕ್ವೇಕರರ ನೈತಿಕ ಕಳಕಳಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.