ತಂಡದಲ್ಲಿ ಎಲ್ಲರಿಗೂ ಎಲ್ಲ ಕೆಲಸ ಗೊತ್ತಿರಬೇಕಾ?

ನಿಮ್ಮ ತಂಡದಲ್ಲಿ ಎಂಟು ಜನ, ಒಬ್ಬೊಬ್ಬರಿಗೆ ಒಂದೊಂದು ಚೆನ್ನಾಗಿ ಗೊತ್ತು, ಎಲ್ಲರಿಗೂ ಎಲ್ಲ ಕಲಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಯಾರಿಗೆ ಏನು ಗೊತ್ತು ಅನ್ನೋದು ಎಲ್ಲರಿಗೂ ಗೊತ್ತಿರಲಿ, ಅವರನ್ನು ಕೇಳುವ ರೂಢಿ ಇರಲಿ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಉಸ್ತುವಾರಿ. ನಮ್ಮಲ್ಲಿ ತೊಗರಿ ಖರೀದಿ ಒಬ್ಬರದು, ಎಣ್ಣೆ ಹಚ್ಚಿ ಒಣಗಿಸೋದು ಇನ್ನೊಬ್ಬರದು, ಸಿಪ್ಪೆ ಬಿಡಿಸುವ ಕಲ್ಲು ಓಡಿಸೋದು ಮತ್ತೊಬ್ಬರದು. ಒಂದು ಜನವರಿಯಲ್ಲಿ ಒಂದು ಲಾಟಿನ ಸಿಪ್ಪೆ ಬಿಡಲೇ ಇಲ್ಲ. ಎರಡೆರಡು ಸಲ ಹಾಯಿಸಿದೆವು, ನುಚ್ಚು ರಾಶಿ ಬಿತ್ತು. ಐದು ಜನ ಕೂತು ಒಂದು ತಾಸು ಮಾತಾಡಿದೆವು. ಮಾತೆಲ್ಲ ಕಲ್ಲಿನದೇ. ಕಲ್ಲು ಸವೆದಿದೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಅದನ್ನೇ ಹೇಳಿದ್ದು. ಒಣಗಿಸುವ ಕಾಕಾ ಬಾಗಿಲಲ್ಲೇ ನಿಂತಿದ್ದರು. ಆ ಕಾಳು ಕಚ್ಚಿದರೆ ಟಕ್ ಅನ್ನದೆ ಹಲ್ಲಿಗೆ ಮೆತ್ತಗೆ ತಾಗಿತ್ತು, ಒಳಗೆ ಹಸಿ ಇತ್ತು ಅನ್ನೋದು ಅವರಿಗೆ ಮೊದಲೇ ಗೊತ್ತು. ಮರುದಿನ ಕೇಳಿದೆ. "ನನಗ ಯಾರೂ ಕೇಳಲೇ ಇಲ್ಲಲ್ರೀ ಸರ" ಅಂದರು. ತಪ್ಪು ಅವರದಲ್ಲ, ನನ್ನದು. ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಇದು ಎಲ್ಲ ಕಡೆ ಆಗುವುದೇ ಅಂತ ಆಮೇಲೆ ಓದಿ ತಿಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟಾಸರ್ ಮತ್ತು ಟೈಟಸ್ 1985ರಲ್ಲೇ ತೋರಿಸಿದ್ದರು: ಗುಂಪು ಕೂತಾಗ ಎಲ್ಲರಿಗೂ ಗೊತ್ತಿರುವ ವಿಷಯವೇ ಜಾಸ್ತಿ ಮಾತಿಗೆ ಬರುತ್ತದೆ, ಒಬ್ಬರಿಗಷ್ಟೇ ಗೊತ್ತಿರುವುದು ಅವರಲ್ಲೇ ಉಳಿಯುತ್ತದೆ. ಯಾರು ಯಾವುದರಲ್ಲಿ ಪಳಗಿದವರು ಅಂತ ಮೊದಲೇ ಎಲ್ಲರ ಮುಂದೆ ಹೇಳಿದರೆ ಅಂಥ ವಿಷಯ ಹೊರಗೆ ಬರೋದು ಹೆಚ್ಚುತ್ತದೆ ಅಂತಲೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಅದಕ್ಕೇ ಈಗ ಲಾಟ್ ಓಡಿಸುವ ಮುಂಚೆ ಮೂವರೂ ಒಂದೊಂದು ಹಿಡಿ ಕಾಳು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮೊದಲ ಮಾತು ಕಾಕಾನದು. ಅವರು ಬೇಡ ಅಂದರೆ ಕಲ್ಲು ತಿರುಗಲ್ಲ. ನಿಮ್ಮಲ್ಲೂ ಮೀಟಿಂಗಿನಲ್ಲಿ ಸುಮ್ನೆ ಕೂರುವವರನ್ನೇ ಮೊದಲು ಕೇಳಿ ನೋಡಿ.

ಇನ್ನೊಂದು, ಹೊಸಬರನ್ನು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕಲಿಸಬೇಡಿ. 1995ರ ಒಂದು ಪ್ರಯೋಗದಲ್ಲಿ ಕೆಲವು ಗುಂಪುಗಳಿಗೆ ರೇಡಿಯೋ ಜೋಡಿಸೋದನ್ನು ಒಟ್ಟಿಗೆ ಕಲಿಸಿದರು. ಉಳಿದವರಿಗೆ ಬೇರೆ ಬೇರೆ ಕಲಿಸಿ ಆಮೇಲೆ ಗುಂಪು ಮಾಡಿದರು. ಒಟ್ಟಿಗೆ ಕಲಿತವರೇ ಚೆನ್ನಾಗಿ ಜೋಡಿಸಿದರು. ಯಾರ ಕೈ ಯಾವುದಕ್ಕೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು.

ಒಬ್ಬರೇ ಬಲ್ಲ ಕೆಲಸ ಅವರ ಜೊತೆಗೇ ಹೋಗಿಬಿಡುವ ಭಯವಂತೂ ನನಗೂ ಇದೆ. ಕಾಕಾಗೆ ಈಗ ವಯಸ್ಸಾಯಿತು. ಈ ಸುಗ್ಗಿಗೆ ಅವರ ಜೊತೆ ಒಬ್ಬ ಹುಡುಗನನ್ನು ಬಿಟ್ಟಿದ್ದೇನೆ. ಕಚ್ಚಿ ನೋಡೋದನ್ನು ಬರೆದು ಕಲಿಸೋಕೆ ಆಗಲ್ಲ, ಅಲ್ವಾ?